ಹದಿನಾರು ಬಣ್ಣ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಎರಡನೇ ಮಹಡಿ, ಬಡಗಣ ಕಿಟಕಿ.
ಹಲ್ಲಿನ ಬಣ್ಣ ಹಿಡಿಯಲು ಟ್ಯೂಬ್‌ಲೈಟು ಸಾಲದು,
ಹತ್ತರಿಂದ ಹನ್ನೊಂದರವರೆಗಿನ ಬೆಳಕೇ ಬೇಕು.
ನನ್ನ ಕಸುಬಿನ ಗುಟ್ಟು ಅದೊಂದೇ.
ಉಳಿದದ್ದೆಲ್ಲ ಕುಲುಮೆಯ ಕೆಲಸ.

ಜನವರಿಯಲ್ಲಿ ಬಂದ ಡೆರೆಕ್.
ಕಣ್ಣೂರಲ್ಲಿ ವಿಮಾನ ಇಳಿದು
ಮಾಕುಟ್ಟದ ತಿರುವಿನಲ್ಲಿ ಎರಡು ಸಲ ಕಾರಿಕೊಂಡು.
ಯಾವೂರು ಅಂದರೆ, ಹಲ್, ಅಂದ.
ಹಲ್ಲಲ್ಲಪ್ಪಾ, ಊರು, ಊರು!
ಹಲ್, ಹಲ್, ಎಂದು ಮತ್ತೆ ಅದೇ.
ನಾವು ಮೂವರೂ ಹೊಟ್ಟೆ ಹಿಡಿದು ನಕ್ಕದ್ದು ಯಾಕೆಂದು
ಅವನಿಗೆ ತಿಳಿಸುವಷ್ಟರಲ್ಲಿ
ಅಚ್ಚಿನ ಪುಡಿ ಬಟ್ಟಲಲ್ಲೇ ಗಟ್ಟಿಯಾಗಿತ್ತು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ಪಟ್ಟಿಗೆ ಹೆಸರು ಸೇರಲು ಕಾದನಂತೆ,
ಸೇರಿದ ಮೇಲೆ ಕರೆ ಬರಲೆಂದು ಕಾದನಂತೆ,
ಕರೆ ಬರುವ ಮುಂಚೆ ಆ ದವಾಖಾನೆಗೇ ಬೀಗ.
ಖಾಸಗಿಯವರು ಹೇಳಿದ ದುಡ್ಡಿಗೆ
ಹಳೆಯದೊಂದು ಕಾರೇ ಬರುತ್ತಿತ್ತು.
ಇಲ್ಲಿ ಆರು ಹಲ್ಲು, ಹೋಗಿ ಬರುವ ವಿಮಾನ,
ಹನ್ನೆರಡು ದಿನದ ಹೋಂಸ್ಟೇ, ದುಬಾರೆಯ ಆನೆ ಸ್ನಾನ,
ಕೂಡಿದರೂ ಅದರ ಅರ್ಧ ಆಗಲಿಲ್ಲ.
ಲೆಕ್ಕವನ್ನು ಸಿಗರೇಟು ಪ್ಯಾಕಿನ ಮೇಲೆ ಬರೆದು ತೋರಿಸಿದ.

ಈ ಬದಿಯ ದವಡೆ ಹಲ್ಲು? ಡಾಕ್ಟರ್ ಕಾವೇರಿಯಪ್ಪ ಕೇಳಿದರು.
ಅವನು ಕೈಯಲ್ಲಿ ಇಕ್ಕಳ ಹಿಡಿದ ಹಾಗೆ ಮಾಡಿದ:
ಗ್ಯಾರೇಜು, ಕನ್ನಡಿ, ಎರಡು ಗುಟುಕು ವಿಸ್ಕಿ.
ಡಾಕ್ಟರು ನಂಬಲಿಲ್ಲ.
ನಾನು ನಂಬಿದೆ.

ಅಮ್ಮತ್ತಿಯ ಲೈನ್ ಮನೆಯಲ್ಲಿ
ಕಾಫಿ ಕುಯಿಲಿನ ನಡುವೆ ರಜೆ ಸಿಗದೆ
ಲವಂಗ ಒತ್ತಿ ಒತ್ತಿ, ಉಪ್ಪುನೀರು ಮುಕ್ಕಳಿಸಿ
ಕೊನೆಗೊಂದು ರಾತ್ರಿ ಮೇಸ್ತ್ರಿಯ ಇಕ್ಕಳಕ್ಕೇ
ಅವ್ವ ಬಾಯಿ ತೆರೆದಿದ್ದಳು.
ಟಾರ್ಚು ಹಿಡಿದವಳು ನಾನು, ಏಳನೇ ಕ್ಲಾಸು.

ಇದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.
ಡೆರೆಕ್ ಎಷ್ಟೋ ಹೊತ್ತು ಕಿಟಕಿಯಾಚೆ ನೋಡಿ
ಯಾವ ಕಡೆಯ ಹಲ್ಲು? ಎಂದ.
ಎಡಗಡೆಯದು.
ನನ್ನದೂ, ಎಂದ.

ಆ ವಾರವೇ ಪಕ್ಕದ ಅಂಗಡಿಯ ಹಂಸನಿಗೆ ಎದೆ ಹಿಡಿದು
ಮೈಸೂರಿಗೆ ಒಯ್ದರು. ನೂರಾರು ಕಿಲೋಮೀಟರು.
ತಿತಿಮತಿಯಲ್ಲಿ ಆನೆ ರಸ್ತೆಗಡ್ಡ ನಿಂತು
ಆಂಬುಲೆನ್ಸು ನಲವತ್ತು ನಿಮಿಷ ದೀಪ ಆರಿಸಿ ಕಾಯಿತು.
ಹಂಸ ಬದುಕಿದ್ದಾನೆ. ಅಂಗಡಿ ಈಗ ತಮ್ಮನದು.
ಇದನ್ನು ಡೆರೆಕ್‌ಗೆ ಹೇಳಲಿಲ್ಲ,
ಅವನು ದುಬಾರೆಯ ಫೋಟೋ ತೋರಿಸುತ್ತಿದ್ದ.

ಬಣ್ಣದ ಪಟ್ಟಿಯಲ್ಲಿ ಹದಿನಾರು ಹಲ್ಲು,
ಬೀಗದ ಕೈಗಳಂತೆ ಸಾಲಾಗಿ.
ಅವನದಕ್ಕೆ ಒಂಬತ್ತನೆಯದು ಹೊಂದುತ್ತದೆಂದೆ:
ಮೂವತ್ತೊಂದು ವರ್ಷದ ಚಹಾ ಕುಡಿದ ಬಣ್ಣ.
ಅವನು ಮೊದಲನೆಯದರ ಮೇಲೆ ಬೆರಳಿಟ್ಟ.
ಅಪ್ಪಟ ಬಿಳಿ. ಟಿವಿಯಲ್ಲಿ ನಗುವವರದು.
ದುಡ್ಡು ಕೊಡುವವನು ಅವನು.
ಆದರೂ ಕುಲುಮೆಗಿಡುವ ಮೊದಲು
ಒಸಡು ಮುಚ್ಚುವ ಅಂಚಿನಲ್ಲಿ
ಕೂದಲೆಳೆಯಷ್ಟು ಚಹಾ ಬಣ್ಣ ಎಳೆದೆ,
ಯಾರಿಗೂ ಕಾಣದು.

ಹೋಗುವ ದಿನ ಕನ್ನಡಿ ಹಿಡಿದು ಸುಮ್ಮನಿದ್ದ.
ಆಮೇಲೆ ಎದುರಿನ ಬೇಕರಿಗೆ ಹೋಗಿ ಚಕ್ಕುಲಿ ಕೊಂಡು
ಮೆಟ್ಟಿಲ ಮೇಲೆ ನಿಂತು ಕಟುಮ್ಮೆಂದು ಕಡಿದ.
ಮಹಡಿಯವರೆಗೆ ಕೇಳಿತು.

ಅವನ ಬಾಯಿಯ ಅಚ್ಚು ಕಪಾಟಿನಲ್ಲಿದೆ, ನಂಬರು ನಾನೂರ ಹದಿನೇಳು.
ವರ್ಷ ಕಳೆದರೆ ಎಸೆಯಬೇಕೆಂದು ನಿಯಮ.
ಪಕ್ಕದಲ್ಲಿ ನಂಬರಿಲ್ಲದ ಇನ್ನೊಂದಿದೆ,
ಅವ್ವನದು, ಮೂರು ವರ್ಷದಿಂದ.
ಕೆಲಸದವರಿಗೆ ಅರ್ಧ ದರ; ಆ ಅರ್ಧವೇ ಪ್ರತಿ ತಿಂಗಳೂ
ಬೇರೆ ಯಾವುದಕ್ಕೋ ಹೋಗುತ್ತದೆ.

ಈ ಭಾನುವಾರ ಬಸ್ಸು ಹತ್ತಿಸಿ ಕರೆತಂದೆ.
ಹತ್ತು ಗಂಟೆ, ಕಿಟಕಿಯ ಪಕ್ಕ,
ಸೆರಗು ಬಾಯಿಂದ ಸರಿಸು ಅವ್ವಾ ಎಂದೆ.
ಎಲೆ, ಸುಣ್ಣ, ಹೊಗೆಸೊಪ್ಪು, ನಲವತ್ತು ವರ್ಷ.
ಹದಿನಾರನ್ನೂ ಒಂದೊಂದಾಗಿ ಹಿಡಿದು ನೋಡಿದೆ.
ಯಾವುದೂ ಅಲ್ಲ.
ಬಟ್ಟಲಲ್ಲಿ ಬಣ್ಣ ನಾನೇ ಕಲಸಬೇಕು.
ಇನ್ನೂ ಕಾಲು ಗಂಟೆ ಬೆಳಕಿದೆ.